ಗೋಡೆಯ ಹೊರಗಿನಿಂದ ಕೇಳಿದ ಗಿಟಾರ್

2024ರ ಅಕ್ಟೋಬರ್‌ನ ಒಂದು ಶನಿವಾರ. ಮಧ್ಯಾಹ್ನ ಮೂರಾಗಲು ಇನ್ನು ಹತ್ತು ನಿಮಿಷ. ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ಸೇಂಟ್ ಜೇಮ್ಸ್ ಪಾರ್ಕ್ ಫುಟ್‌ಬಾಲ್ ಸ್ಟೇಡಿಯಂ ಒಳಗೆ 50 ಸಾವಿರಕ್ಕೂ ಜಾಸ್ತಿ ಜನ. ನಾನು ಮಾತ್ರ ಹೊರಗೆ. ನನ್ನ ಫೋನಿನಲ್ಲಿದ್ದ ಟಿಕೆಟ್‌ಗೆ ಗೇಟು ತೆರೆಯಲೇ ಇಲ್ಲ. ಅಲ್ಲಿದ್ದ ಹುಡುಗಿ ಎರಡು ಸಲ ನೋಡಿ, "ಇದು ನಮ್ಮ ಟಿಕೆಟ್ ಅಲ್ಲ" ಅಂದಳು.

ಮರುಮಾರಾಟದ ಒಂದು ವೆಬ್‌ಸೈಟಿನಲ್ಲಿ 140 ಪೌಂಡ್ ಕೊಟ್ಟು ಕೊಂಡಿದ್ದೆ. ಆ ದುಡ್ಡು ಇವತ್ತಿಗೂ ವಾಪಸ್ ಬಂದಿಲ್ಲ. ಹೋಗುವವರಿದ್ದರೆ ದಯವಿಟ್ಟು ಕೇಳಿ: ಕ್ಲಬ್ಬಿನ ಸದಸ್ಯತ್ವ ಮಾಡಿಸಿ, ಕ್ಲಬ್ಬಿನಿಂದಲೇ ಟಿಕೆಟ್ ತಗೊಳ್ಳಿ. ಇಂಗ್ಲೆಂಡಿನಲ್ಲಿ ಅನುಮತಿ ಇಲ್ಲದೆ ಫುಟ್‌ಬಾಲ್ ಟಿಕೆಟ್ ಮಾರುವುದೇ ಅಪರಾಧ. ಇದು ನನಗೆ ಗೊತ್ತಾಗಿದ್ದು ದುಡ್ಡು ಹೋದ ಮೇಲೆ.

ನನಗೆ ಫುಟ್‌ಬಾಲ್ ಹುಚ್ಚೇನೂ ಇಲ್ಲ. ನಾನು ಹೋಗಿದ್ದು ಒಂದು ರಾಗ ಕೇಳಲು. ಆಟಗಾರರು ಮೈದಾನಕ್ಕೆ ಬರುವಾಗ ಅಲ್ಲಿ ಡೈರ್ ಸ್ಟ್ರೇಟ್ಸ್ ಬ್ಯಾಂಡಿನ ಹಾಡುಗಾರ, ಗಿಟಾರ್ ವಾದಕ ಮಾರ್ಕ್ ನಾಫ್ಲರ್ ಅವರ 'ಗೋಯಿಂಗ್ ಹೋಮ್' ಹಾಕುತ್ತಾರೆ. 1983ರ 'ಲೋಕಲ್ ಹೀರೋ' ಸಿನಿಮಾಕ್ಕೆ ಅವರು ಮಾಡಿದ್ದ ರಾಗ ಅದು. ಅದರಲ್ಲಿ ಮಾತಿಲ್ಲ. ತಾವು ಬೆಳೆದ ಊರಿನ ತಂಡ ತಮ್ಮ ರಾಗದ ಜೊತೆಗೆ ಮೈದಾನಕ್ಕಿಳಿಯುವುದಕ್ಕಿಂತ ದೊಡ್ಡ ಸನ್ಮಾನ ಒಬ್ಬ ಸಂಗೀತಗಾರರಿಗೆ ಇನ್ನೇನಿದೆ ಅಂತ ನನಗೆ ಯಾವಾಗಲೂ ಅನಿಸುತ್ತಿತ್ತು.

2005ರ ಮಾರ್ಚ್‌ನಲ್ಲಿ ಅವರು ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಿದ್ದರು. ನಾನಾಗ ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತಷ್ಟೆ. ಸಾಗರದ ನಮ್ಮನೆಯಲ್ಲಿ ಅಣ್ಣ ಡೈರ್ ಸ್ಟ್ರೇಟ್ಸ್ ಕ್ಯಾಸೆಟ್ ಹಾಕಿ ಹಾಕಿ ಸವೆಸಿಬಿಟ್ಟಿದ್ದ. ಅವತ್ತು ಇಬ್ಬರೂ ಹೋಗಿದ್ದೆವು. ವೇದಿಕೆಯಲ್ಲಿ ಕುಣಿತ ಇಲ್ಲ, ಕೂಗಾಟ ಇಲ್ಲ. ಕೈಯಲ್ಲಿ ತಂತಿ ಮೀಟುವ ಪ್ಲೆಕ್ಟ್ರಮ್ ಕೂಡ ಇಲ್ಲ, ಬರಿ ಬೆರಳು. ನಾಫ್ಲರ್ ಎಡಗೈಯವರು, ಆದರೆ ನುಡಿಸುವುದು ಬಲಗೈಯವರ ಹಾಗೆ. ವಾಪಸ್ ಬರುವಾಗ ಆಟೋದಲ್ಲಿ ಅಣ್ಣ ಒಂದು ಮಾತೂ ಆಡಲಿಲ್ಲ.

ಇಂಗ್ಲೆಂಡಿಗೆ ಹೋಗಿದ್ದು ಅಕ್ಕನ ಮನೆಗೆ, ಹನ್ನೆರಡು ದಿನಕ್ಕೆ. ಲಂಡನ್, ಎಡಿನ್‌ಬರಾ ಎಲ್ಲ ನೋಡಿದೆ. ಅವುಗಳ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ, ಬಿಡಿ.

ಗೋಡೆಯ ಪಕ್ಕ ಅಳು ಬರುವಷ್ಟು ಬೇಜಾರಾಗಿ ನಿಂತಿದ್ದಾಗ ಒಳಗಿನ ಗದ್ದಲ ಸ್ವಲ್ಪ ತಗ್ಗಿತು. ಗಿಟಾರ್ ಶುರುವಾಯಿತು. ಗೋಡೆ ದಾಟಿ, ಚಾವಣಿಗೆ ತಾಗಿ ಬರುತ್ತಿದ್ದರಿಂದ ಸ್ವರಗಳು ಒಂದರ ಮೇಲೊಂದು ಬೀಳುತ್ತಿದ್ದವು. ಆಮೇಲೆ ಸ್ಯಾಕ್ಸೋಫೋನ್. ಅದರ ಜೊತೆಗೆ ಜನರ ದನಿಯೂ ಏರಿತು. ಹೆಡ್‌ಫೋನಿನಲ್ಲಿ ನೂರಾರು ಸಲ ಕೇಳಿದ್ದ ರಾಗ ಇದು. ಅಲ್ಲಿ ಮಾತ್ರ ಅದು ಒಂದು ಇಡೀ ಊರಿನ ಉಸಿರಿನ ಹಾಗೆ ಕೇಳಿಸಿತು. ಕಣ್ಣು ಒದ್ದೆಯಾಯಿತು, ಒರೆಸಿಕೊಳ್ಳಲಿಲ್ಲ.

ಪಕ್ಕದಲ್ಲಿ ಒಬ್ಬ ವಯಸ್ಸಾದವರು ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದರು. ರಾಗ ಮುಗಿದ ಮೇಲೆ ಟೋಪಿ ಹಾಕಿಕೊಂಡು, "ಟಿಕೆಟ್ ಸಿಗಲಿಲ್ವಾ, ಪೆಟ್?" ಅಂದರು. ಆ ಕಡೆಯವರು ಯಾರನ್ನು ಬೇಕಾದರೂ 'ಪೆಟ್' ಅಂತಾರೆ. ನಮ್ಮ ಕಡೆ ದೊಡ್ಡವರು 'ಕೂಸೇ' ಅಂದ ಹಾಗೆ.

ತಮ್ಮ ಟಿಕೆಟ್ಟನ್ನು ಮೊಮ್ಮಗನಿಗೆ ಬಿಟ್ಟುಕೊಟ್ಟಿದ್ದಾರಂತೆ. ಅವನನ್ನು ಗೇಟಿನವರೆಗೆ ಬಿಟ್ಟು, ರಾಗ ಕೇಳಿ, ಮೆಟ್ರೋ ಹತ್ತಿ ಮನೆಗೆ ಹೋಗುತ್ತಾರೆ. ಬೆಂಗಳೂರಿನಿಂದ ಈ ರಾಗಕ್ಕಾಗಿ ಬಂದೆ ಅಂದಾಗ ನನ್ನನ್ನು ಒಂದು ಗಳಿಗೆ ಸುಮ್ನೆ ನೋಡಿದರು. "ಹಾಗಾದ್ರೆ ಸ್ಪ್ಯಾನಿಷ್ ಸಿಟಿ ನೋಡದೆ ಹೋಗಬಾರದು. ನಾನೂ ಅದೇ ಕಡೆ, ಬಾ" ಅಂದರು.

ಸ್ಟೇಡಿಯಂ ಪಕ್ಕದಲ್ಲೇ ಮೆಟ್ರೋ ಸ್ಟೇಷನ್. ಹಳದಿ ಲೈನಿನಲ್ಲಿ ಸಮುದ್ರದ ಕಡೆಗೆ ಸುಮಾರು ಅರ್ಧ ಗಂಟೆ. ನನ್ನ ಹನ್ನೆರಡು ದಿನದಲ್ಲಿ ಅತ್ಯಂತ ಒಳ್ಳೆಯ ಅರ್ಧ ಗಂಟೆ ಅದು.

ಅವರು ಗಾರೆ ಕೆಲಸದವರು. ಎಂಬತ್ತರ ದಶಕದಲ್ಲಿ ಈ ಊರುಗಳಲ್ಲಿ ಹಡಗು ಕಟ್ಟುವ ಕೆಲಸ, ಗಣಿ ಕೆಲಸ ಎಲ್ಲ ಕಡಿಮೆಯಾಗುತ್ತಾ ಬಂತು. ಆಗ ಇಟ್ಟಿಗೆ ಕಟ್ಟುವವರು ಗುಂಪು ಗುಂಪಾಗಿ ಜರ್ಮನಿಗೆ ಹೋದರು. ಇವರೂ ಮೂರು ವರ್ಷ ಅಲ್ಲಿದ್ದರು. ಮರದ ಶೆಡ್ಡಿನಲ್ಲಿ ಎಂಟು ಜನ. ಭಾನುವಾರ ಫೋನ್ ಬೂತಿನ ಮುಂದೆ ನಾಣ್ಯ ಹಿಡಿದು ಸಾಲು. "ವಾಪಸ್ ಬಂದ ಮೇಲೆ ಅದರ ಬಗ್ಗೆ ನಾನು ಯಾರ ಹತ್ರಾನೂ ಮಾತಾಡಿರಲಿಲ್ಲ. ಹೇಳೋಕೆ ಏನಿತ್ತು?" ಅಂದರು.

2002ರಲ್ಲಿ ನಾಫ್ಲರ್ 'ವೈ ಆಯ್ ಮ್ಯಾನ್' ಅಂತ ಒಂದು ಹಾಡು ಮಾಡಿದರು. ಹೀಗೆ ಜರ್ಮನಿಗೆ ದುಡಿಯಲು ಹೋದ ಇಲ್ಲಿಯ ಕೂಲಿಗಳದೇ ಕಥೆ. "ಅಡುಗೆಮನೆಯಲ್ಲಿ ರೇಡಿಯೋ ಹಾಕಿತ್ತು. ಪಾತ್ರೆ ತೊಳೀತಾ ಇದ್ದವನು ನಲ್ಲಿ ನಿಲ್ಲಿಸಿದೆ. ಹೆಂಡತಿ ಬಂದು ಕೇಳಿದಳು, ಅಲ್ಲಿ ಹಿಂಗೇ ಇತ್ತಾ ಅಂತ. ಇಪ್ಪತ್ತು ವರ್ಷದಲ್ಲಿ ಮೊದಲನೇ ಸಲ ಕೇಳಿದ್ದು."

ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. ರೈಲು ವಾಲ್ಸೆಂಡ್‌ನಲ್ಲಿ ನಿಂತಿತು. ಅಲ್ಲಿ ಹಳೆಯ ರೋಮನ್ ಕೋಟೆ ಇರುವುದರಿಂದ ಸ್ಟೇಷನ್ನಿನ ಫಲಕಗಳು ಲ್ಯಾಟಿನ್‌ನಲ್ಲೂ ಇವೆ.

"ಅವನು ಇಟ್ಟಿಗೆ ಮುಟ್ಟಿದವನಲ್ಲ. ಹೇಗೆ ಗೊತ್ತಾಯ್ತು ಅವನಿಗೆ?" ಅಂತ ಅವರೇ ಕೇಳಿದರು.

ನಾಫ್ಲರ್ ಹುಡುಗನಾಗಿದ್ದಾಗ ಶನಿವಾರಗಳಲ್ಲಿ ಈ ಊರಿನ ಈವ್ನಿಂಗ್ ಕ್ರಾನಿಕಲ್ ಪತ್ರಿಕೆಯಲ್ಲಿ ಸಣ್ಣಪುಟ್ಟ ಕೆಲಸ ಮಾಡುತ್ತಿದ್ದರು. ಆಮೇಲೆ ಲೀಡ್ಸ್‌ನಲ್ಲಿ ವರದಿಗಾರರಾದರು. ನಾನು ಅದನ್ನು ಹೇಳಿ, "ಕೇಳಿಸಿಕೊಳ್ಳೋದೇ ಕೆಲಸ ಆಗಿತ್ತಲ್ವಾ, ಆ ಅಭ್ಯಾಸ ಹೋಗಿಲ್ಲ" ಅಂದೆ. ಅವರು ನಿಧಾನಕ್ಕೆ ತಲೆ ಆಡಿಸಿದರು.

ನನಗೆ ಇಷ್ಟವಾಗುವುದು ಇದೇ. ಡೈರ್ ಸ್ಟ್ರೇಟ್ಸ್‌ನ 'ಬ್ರದರ್ಸ್ ಇನ್ ಆರ್ಮ್ಸ್' ಆಲ್ಬಮ್ 3 ಕೋಟಿ ಪ್ರತಿ ಮಾರಾಟವಾಯಿತು. ಅಷ್ಟು ದೊಡ್ಡ ಬ್ಯಾಂಡನ್ನು 1995ರಲ್ಲಿ ಮುಗಿಸಿದ ಮೇಲೆ ಮತ್ತೆ ಒಟ್ಟುಗೂಡಿಸಲು ಅವರು ಒಪ್ಪಲಿಲ್ಲ. ಕ್ರೀಡಾಂಗಣ ತುಂಬಿಸುವ ಹಾಡು ಬಿಟ್ಟು, ದುಡಿಯುವವರ ಬಗ್ಗೆ, ದಾರಿಹೋಕರ ಬಗ್ಗೆ ಮೆಲ್ಲಗೆ ಹಾಡುತ್ತಾ ಬಂದರು. ಹಳೆಯ ಹಾಡೇ ಬೇಕು ಅಂತ ಹಟ ಹಿಡಿಯುವ ಅಭಿಮಾನಿಗಳನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. 2024ರ ಜನವರಿಯಲ್ಲಿ ಅವರ ನೂರಕ್ಕೂ ಹೆಚ್ಚು ಗಿಟಾರ್‌ಗಳು 88 ಲಕ್ಷ ಪೌಂಡ್‌ಗೆ ಹರಾಜಾದವು. ಅದರಲ್ಲಿ ಕಾಲು ಭಾಗ ದಾನಕ್ಕೆ ಹೋಯಿತು. ಆಮೇಲೆ ಏಪ್ರಿಲ್‌ನಲ್ಲಿ 'ಒನ್ ಡೀಪ್ ರಿವರ್' ಆಲ್ಬಮ್ ಬಂತು. ಆಗ ಅವರಿಗೆ 74 ವರ್ಷ. ಹೆಸರಿನಲ್ಲಿರುವ ಆ ಆಳದ ನದಿ ಇದೇ ಊರಿನ ಟೈನ್. ಅವತ್ತು ಬೆಳಿಗ್ಗೆ ನಾನು ಅದರ ದಡದಲ್ಲಿ ನಡೆದಿದ್ದೆ. ಟೈನ್ ಸೇತುವೆಯ ದುರಸ್ತಿ ನಡೆಯುತ್ತಿತ್ತು.

"ವೈ ಆಯ್ ಮ್ಯಾನ್ ಅಂದ್ರೆ ನಿಜವಾಗಿ ಏನು?" ಅಂತ ಕೇಳಿದೆ. ಬಹಳ ವರ್ಷದಿಂದ ತಲೆಯಲ್ಲಿದ್ದ ಪ್ರಶ್ನೆ. ಹೌದು ಅನ್ನುವುದನ್ನೇ ಒತ್ತಿ ಹೇಳುವುದಂತೆ. ಹೆಂಗಸರಿಗೂ 'ಮ್ಯಾನ್' ಅಂತಲೇ ಅನ್ನುತ್ತಾರಂತೆ. ನನಗೆ ತಟ್ಟನೆ ಹೊಳೆಯಿತು, ಇದು ನಮ್ಮ 'ಹೌದು ಮಾರಾಯಾ!' ಅದನ್ನು ಅವರಿಗೆ ಕಲಿಸಿದೆ. ಎರಡು ಸಲ ಹೇಳಿ ನೋಡಿದರು. 'ಳ' ಇಲ್ಲದ್ದರಿಂದ ಬೇಗ ಬಂತು.

ಕಲರ್‌ಕೋಟ್ಸ್‌ನಲ್ಲಿ ಅವರು ಇಳಿದರು. ಇಳಿಯುವ ಮುಂಚೆ ಒಂದು ಮಾತು ಹೇಳಿದರು: "ಚಿಪ್ಸ್ ತಿನ್ನೋದಾದ್ರೆ ಯಾವುದರಲ್ಲಿ ಕರೀತಾರೆ ಕೇಳು. ಇಲ್ಲಿ ಸುಮಾರು ಕಡೆ ದನದ ಕೊಬ್ಬಿನಲ್ಲಿ ಕರೀತಾರೆ." ಸಸ್ಯಾಹಾರಿಗಳು ಇದನ್ನು ನೆನಪಿಡಿ.

ಮುಂದಿನದು ವಿಟ್ಲಿ ಬೇ. ಸ್ಪ್ಯಾನಿಷ್ ಸಿಟಿ ಅಂದರೆ ಸಮುದ್ರದ ಎದುರು ಇರುವ ದೊಡ್ಡ ಬಿಳಿ ಗುಮ್ಮಟ. ಕಟ್ಟಿದ್ದು 1910ರಲ್ಲಿ. ಹಿಂದೆ ಪಕ್ಕದಲ್ಲೇ ಜಾತ್ರೆಯಂಥ ಆಟದ ಮೈದಾನ ಇತ್ತು. ನಾಫ್ಲರ್ 1980ರ 'ಟನಲ್ ಆಫ್ ಲವ್' ಹಾಡಿನಲ್ಲಿ ಅದನ್ನು ನೆನೆಯುತ್ತಾರೆ. ಕಲರ್‌ಕೋಟ್ಸ್, ವಿಟ್ಲಿ ಬೇ ಹೆಸರೂ ಅದರಲ್ಲಿವೆ. ಈಗ ಆ ತೊಟ್ಟಿಲು, ತಿರುಗುಣಿ ಯಾವುದೂ ಇಲ್ಲ. ವರ್ಷಗಟ್ಟಲೆ ಪಾಳುಬಿದ್ದಿದ್ದ ಗುಮ್ಮಟವನ್ನು ಸರಿಮಾಡಿ 2018ರಲ್ಲಿ ಮತ್ತೆ ತೆರೆದರು. ಒಳಗೆ ಹೋಟೆಲುಗಳು ತುಂಬಿವೆ. ನನಗೆ ಅವು ರುಚಿಸಲಿಲ್ಲ. ಎದುರಿನ ಕಟ್ಟೆಯ ಮೇಲೆ ಕೂತೆ. ಗಾಳಿ ಕೊರೆಯುತ್ತಿತ್ತು. ಅಣ್ಣನಿಗೆ ಫೋನ್ ಮಾಡಿ ಅಲೆಗಳ ಕಡೆ ಹಿಡಿದೆ. "ಯಾವ ಊರು ಹೇಳು ನೋಡೋಣ" ಅಂದೆ. ಅವನು ಸರಿಯಾಗಿ ಹೇಳಿದ.

ವಾಪಸ್ ಹೋಗುವಾಗ ಕಲರ್‌ಕೋಟ್ಸ್‌ನಲ್ಲಿ ಎದುರಿನ ರೈಲಿನಿಂದ ನ್ಯೂಕ್ಯಾಸಲ್ ತಂಡದ ಕಪ್ಪು ಬಿಳುಪು ಪಟ್ಟೆಯ ಅಂಗಿಯವರು ಇಳಿಯುತ್ತಿದ್ದರು. ಮುಖ ನೋಡಿದರೆ ಸೋತಿದ್ದಾರೆ ಅಂತ ಗೊತ್ತಾಗುತ್ತಿತ್ತು. ಅವರಲ್ಲಿ ಆ ಮೊಮ್ಮಗ ಯಾರಿರಬಹುದು ಅಂತ ರೈಲು ಹೊರಡುವವರೆಗೂ ಹುಡುಕುತ್ತಿದ್ದೆ.