ಉಕ್ಕಿದ ಹಾಲು

ರಾತ್ರಿ ಹಾಲು ಕಾಯಿಸುತ್ತಿದ್ದಾಗ ಮೊಬೈಲಿಗೆ ಸಂದೇಶ ಬಂತು: ‘ಹಾಲು ಕುಡಿದರೆ ಕ್ಯಾನ್ಸರ್!’ ಕಳೆದ ವಾರ ಇದೇ ಮಹಾಶಯರು ಹಾಲನ್ನು ಅಮೃತ ಎಂದಿದ್ದರು. ಓದುವಷ್ಟರಲ್ಲಿ ಹಾಲು ಉಕ್ಕಿ ಒಲೆಯೆಲ್ಲ ರಾಡಿ.

ಒರೆಸುತ್ತಾ ನೆನಪಾಯಿತು. ಆಕ್ಸ್‌ಫರ್ಡ್ ಸಂಶೋಧಕರು ಬ್ರಿಟನ್ನಿನ ಐದು ಲಕ್ಷಕ್ಕೂ ಹೆಚ್ಚು ಮಹಿಳೆಯರ ಆಹಾರ ಪರಿಶೀಲಿಸಿ 2025ರಲ್ಲಿ ಹೇಳಿದ್ದು: ದಿನಕ್ಕೆ 300 ಮಿಲಿಗ್ರಾಂ ಕ್ಯಾಲ್ಸಿಯಂ, ಅಂದರೆ ಒಂದು ದೊಡ್ಡ ಲೋಟ ಹಾಲಿನಷ್ಟು, ಹೆಚ್ಚುವರಿಯಾಗಿ ಸೇವಿಸುವವರಲ್ಲಿ ಕರುಳಿನ ಕ್ಯಾನ್ಸರ್ ಅಪಾಯ ಶೇ 17ರಷ್ಟು ಕಡಿಮೆ. ಕ್ಯಾಲ್ಸಿಯಂ, ಜೀರ್ಣಕ್ಕೆಂದು ಯಕೃತ್ತು ಕಳಿಸುವ ಪಿತ್ತಾಮ್ಲಗಳನ್ನು ಕಟ್ಟಿಹಾಕಿ ಕರುಳಿನ ಒಳಪದರವನ್ನು ಕಾಯುತ್ತದಂತೆ. ಗಂಡಸರ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ವಿಷಯದಲ್ಲಿ ಮಾತ್ರ ಕೆಲವು ಅಧ್ಯಯನಗಳು ಹಾಲಿನತ್ತಲೇ ಬೆರಳು ತೋರಿಸುತ್ತವೆ. ಆದರೆ ಆ ಪುರಾವೆ ನೀರು ಬೆರೆಸಿದ ಹಾಲಿನಷ್ಟೇ ತೆಳು.

ಪಾತ್ರೆಯಲ್ಲಿ ಉಳಿದ ಅರ್ಧ ಲೋಟವನ್ನು ಕುಡಿದೆ. ಅಡುಗೆಮನೆಯಲ್ಲಿ ಇನ್ನೂ ಸೀದ ವಾಸನೆ.