ಹೊಳೆ ಆಚೆ, ಹೊಳೆ ಈಚೆ

ಹರಿಹರದ ಸೇತುವೆ ದಾಟುವಾಗ ಸುಮ್ನೆ ಹೊಳೆ ನೋಡುತ್ತಾ ಕೂತಿದ್ದೆ. 1956ರವರೆಗೆ ಈಚೆ ದಡ ಮೈಸೂರಿನದು, ಆಚೆ ರಾಣೆಬೆನ್ನೂರು ಕಡೆ ಮುಂಬೈ ಸರ್ಕಾರದ್ದು. ನಡುವೆ ಇದೇ ತುಂಗಭದ್ರೆ. ಈಗ ಬರೀ ದಾವಣಗೆರೆ, ಹಾವೇರಿ ಜಿಲ್ಲೆಗಳ ಗಡಿ.

ಗೆರೆ ಎಳೆಯುವವರಿಗೆ ನದಿ ಬಹಳ ಸಲೀಸು. ಕಲ್ಲು ನೆಡುವ ಖರ್ಚೂ ಇಲ್ಲ! ಆದರೆ ಹೆಣ್ಣು ಕೊಟ್ಟು ತರುವವರು ಆ ಗೆರೆಗೆ ಯಾವತ್ತು ಸೊಪ್ಪು ಹಾಕಿದ್ದಾರೆ? ದಡದ ಗುಡಿಯಲ್ಲೇ ನೋಡಿ, ಅರ್ಧ ಹರಿ, ಅರ್ಧ ಹರ, ಮೂರ್ತಿ ಒಂದೇ. ನೀರೂ ಹಾಗೇ, ಕೂಡ್ಲಿಯಲ್ಲಿ ತುಂಗೆ ಭದ್ರೆ ಸೇರಿ ಬಂದದ್ದು. (ಈ ಅರ್ಥವೆಲ್ಲ ನಾವೇ ಹೊಳೆಯ ತಲೆಗೆ ಕಟ್ಟಿದ್ದು, ಬಿಡಿ.)

ಇದೇ ಹೊಳೆ ಮುಂದೆ ಮಂತ್ರಾಲಯದ ಹತ್ತಿರ ಮತ್ತೆ ಗಡಿ. ಒಂದು ದಡ ರಾಯಚೂರು ಜಿಲ್ಲೆ, ಇನ್ನೊಂದು ಆಂಧ್ರ. ರಾಯರ ದರ್ಶನಕ್ಕೆ ಹೋಗುವ ನಮ್ಮ ಕಡೆಯವರಿಗೆ ಬೇರೆ ರಾಜ್ಯಕ್ಕೆ ಬಂದೆವು ಅಂತ ಅನಿಸುವುದೇ ಇಲ್ಲ, ಅಲ್ವಾ?