ಮೇಷ್ಟ್ರ ಬೋರ್ಡಿನ ಕಾಲು ಕೊಯ್ದ ಕತೆ

ಆಗಸ್ಟ್ 4, ಭಾನುವಾರ

ಹೆಗ್ಗಡದೇವನಕೋಟೆ ಕಡೆ ನಮ್ಮೂರು. ಅಲ್ಲಿನ ಶಾಲೆಯ ಸಾಮಾನಿನ ಕೋಣೆಯಲ್ಲಿ ಇವತ್ತು ಕೊನೆಗೂ ಅದು ಸಿಕ್ಕಿತು. ನಾವು ಓದುವಾಗ ಇದ್ದ ಮರದ ಕರಿಹಲಗೆ. ನಾಲ್ಕಡಿ ಅಗಲ, ಮೂರಡಿ ಎತ್ತರ, ಜೊತೆಗೆ ಮೂರು ಕಾಲಿನ ಸ್ಟ್ಯಾಂಡು. ಮುರುಕು ಬೆಂಚುಗಳ ಹಿಂದೆ, ಬೈಸಿಕೊಂಡ ಹುಡುಗನ ಹಾಗೆ ಗೋಡೆಗೆ ಮುಖ ಮಾಡಿ ನಿಂತಿತ್ತು.

ಪ್ರತಿ ವರ್ಷ ಶಿಕ್ಷಕರ ದಿನಕ್ಕೆ ಹಳೇ ವಿದ್ಯಾರ್ಥಿಗಳೆಲ್ಲ ಸೇರಿ ಶಾಲು, ಹಾರ, ಹಣ್ಣಿನ ಬುಟ್ಟಿ ಕೊಟ್ಟು ಫೋಟೋ ತೆಗೆಸಿಕೊಂಡು ಬರುತ್ತೇವೆ. ಈ ಸಲ ಏನಾದರೂ ಕೈಯಾರೆ ಮಾಡೋಣ ಅಂತ ನಾನೇ ಬಾಯಿ ಹಾಕಿದೆ. ಮರಗೆಲಸ ನನ್ನ ಭಾನುವಾರದ ಹುಚ್ಚು. "ಸರಿ, ನೀನೇ ಮಾಡು" ಅಂತ ಇಪ್ಪತ್ತು ಜನ ಹೆಬ್ಬೆರಳು ಎತ್ತಿದರು. ಗುಂಪು ಅಂದರೆ ಹಾಗೇ ಅಲ್ವಾ?

ಆಗಸ್ಟ್ 11

ನಡುವೆ ಯಾವಾಗಲೋ ಯಾರೋ ಇದಕ್ಕೆ ಎಣ್ಣೆ ಬಣ್ಣ ಬಳಿದಿದ್ದಾರೆ. ಕನ್ನಡಿಯ ಹಾಗೆ ಹೊಳೆಯುತ್ತದೆ. ಹೊಳೆಯುವ ಬೋರ್ಡು ಯಾವ ಕೆಲಸಕ್ಕೂ ಬಾರದು. ಸೀಮೆಸುಣ್ಣ ಸವೆಯಬೇಕಾದರೆ ಮೈ ಸ್ವಲ್ಪ ತರಿತರಿಯಾಗಿರಬೇಕು, ಇಲ್ಲದಿದ್ದರೆ ಸುಮ್ನೆ ಜಾರುತ್ತದೆ.

ಮೊದಲು 80 ನಂಬರಿನ ಉಜ್ಜುಕಾಗದ, ಆಮೇಲೆ 220. ಹಳೇ ಎಣ್ಣೆ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಜಾಸ್ತಿ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗದಲ್ಲಿ 90 ಭಾಗ, ದಾಟಬಾರದು ಅನ್ನುವ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದೇ 2017ರಲ್ಲಿ. ಹಾಗಾಗಿ ಮಾಸ್ಕ್ ಹಾಕಿ, ನೀರು ಚಿಮುಕಿಸಿಕೊಂಡು ಉಜ್ಜಿದೆ. ಮಕ್ಕಳನ್ನು ಹತ್ತಿರ ಬಿಡಲಿಲ್ಲ. ಸಂಜೆ ಹೊತ್ತಿಗೆ ಮರ ಕಂಡಿತು, ನನ್ನ ಭುಜ ಹೋಯಿತು.

ಆಗಸ್ಟ್ 18

ಅಂಗಡಿಯಲ್ಲಿ ಬೋರ್ಡಿನ ಬಣ್ಣ ಸಿಗುತ್ತದೆ. ಆದರೆ ನಾವು ಓದುವಾಗ ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಇದ್ದಿಲು, ಎಲೆ ತಂದು ಬೋರ್ಡು ಉಜ್ಜುತ್ತಿದ್ದದ್ದು ನೆನಪಿತ್ತು. ಅಳತೆ ಮರೆತುಹೋಗಿತ್ತು. ನಿವೃತ್ತರಾಗಿ ಊರಲ್ಲೇ ಇರುವ ನಮ್ಮ ಮೇಷ್ಟ್ರ ಮನೆಗೆ ಹೋದೆ.

"ಬಾರಪ್ಪ, ಶಾಲು ತಂದಿಲ್ಲ ತಾನೇ?" ಅಂದರು. ಬೀರುವಿನಲ್ಲಿ ಇಡಲು ಜಾಗ ಇಲ್ಲವಂತೆ.

ಅವರು ಹೇಳಿದ್ದು ಇಷ್ಟು. ಬೇಲಿ ಮೇಲೆ ಹಬ್ಬಿರುವ ಕಾಡುತೊಂಡೆ ಎಲೆ ಜಜ್ಜಿ ರಸ ತೆಗೆಯಬೇಕು. ಇದ್ದಿಲನ್ನು ನುಣ್ಣಗೆ ಅರೆದು ಬಟ್ಟೆಯಲ್ಲಿ ಜರಡಿ ಹಿಡಿಯಬೇಕು. ಎರಡನ್ನೂ ಕಲಸಿ ತೆಳ್ಳಗೆ ಬಳಿಯಬೇಕು. ಒಂದೇ ಸಲ ದಪ್ಪ ಬಳಿಯಬಾರದು.

ನಾನು ಒಂದೇ ಸಲ ದಪ್ಪ ಬಳಿದೆ. ಹೊರಗೆ ಸೋನೆ ಮಳೆ, ಒಣಗಲು ಎರಡು ದಿನ ಹಿಡಿಯಿತು. ಒಣಗಿದ ಮೇಲೆ ಕೈ ಇಟ್ಟರೆ ಅಂಗೈಯೆಲ್ಲ ಮಸಿ. ಇದ್ದಿಲು ಜಾಸ್ತಿ, ರಸ ಕಮ್ಮಿ. ಹಿಡಿದುಕೊಳ್ಳಲು ಅಂಟೇ ಇರಲಿಲ್ಲ.

ಆಗಸ್ಟ್ 25

ಎಲ್ಲ ಒರೆಸಿ ಮತ್ತೆ ಶುರು. ಈ ಸಲ ಗಂಜಿಯಷ್ಟು ತೆಳು, ನಾಲ್ಕು ಸಲ. ಪ್ರತಿ ಸಲವೂ ಒಣಗಿದ ಮೇಲೆ ಹಸಿ ಎಲೆಯನ್ನೇ ಮುದ್ದೆ ಮಾಡಿ ಉಜ್ಜಿದೆ. ಕೂತಿತು. ಹಸಿರು ಛಾಯೆಯ ಮಂಕು ಕಪ್ಪು. ಈ ಬಣ್ಣ ನೋಡಿ ಎಷ್ಟು ವರ್ಷವಾಗಿತ್ತು!

ಖುಷಿಯಲ್ಲಿ ಫೋಟೋ ತೆಗೆದು ಹೆಡ್‌ಮಿಸ್ ಅವರಿಗೆ ಕಳಿಸಿದೆ. ಅವರು ಫೋನ್ ಮಾಡಿ, ಸ್ವಲ್ಪ ತಡೆದು, "ತುಂಬ ಚೆನ್ನಾಗಿದೆ ಸರ್. ಎಲ್ಲಿ ಇಡೋದು ಅಂತ ಯೋಚನೆ" ಅಂದರು.

ಮಾರನೇ ದಿನ ರಜೆ ಹಾಕಿ ಶಾಲೆಗೆ ಹೋಗಿ ನೋಡಿದೆ. ಒಂದರಿಂದ ಮೂರನೇ ತರಗತಿ ಮಕ್ಕಳು ಒಂದೇ ಕೋಣೆಯಲ್ಲಿ, ನಲಿಕಲಿ. ಮಗು ನಲಿಯುತ್ತ ತನ್ನದೇ ವೇಗದಲ್ಲಿ ಕಲಿಯುವ ಪದ್ಧತಿ. 1995ರಲ್ಲಿ ಯುನಿಸೆಫ್ ನೆರವಿನಿಂದ ಇದು ಶುರುವಾದದ್ದು ನಮ್ಮ ತಾಲ್ಲೂಕಿನಲ್ಲೇ. ಇಲ್ಲಿನ ಮೇಷ್ಟ್ರುಗಳು ಆಂಧ್ರದ ರಿಷಿ ವ್ಯಾಲಿ ಶಾಲೆಗೆ ಹೋಗಿ ನೋಡಿ ಬಂದು, ಇಲ್ಲಿಗೆ ಹೊಂದುವ ಹಾಗೆ ಕಟ್ಟಿದರು. ಆಮೇಲೆ ಇಡೀ ರಾಜ್ಯಕ್ಕೆ ಹಬ್ಬಿತು. ಕೇಳಿ ಗೊತ್ತಿತ್ತು, ಕೋಣೆಯೊಳಗೆ ಕೂತು ನೋಡಿರಲಿಲ್ಲ.

ಅಲ್ಲಿ ಮುಂದಿನ ಬೆಂಚೂ ಇಲ್ಲ, ಹಿಂದಿನ ಬೆಂಚೂ ಇಲ್ಲ. ಮಕ್ಕಳು ಐದು ಗುಂಪಾಗಿ ನೆಲದ ಮೇಲೆ. ಮಿಸ್ಸೂ ನೆಲದ ಮೇಲೆ. ಗೋಡೆಯಲ್ಲಿ ಕಲಿಕಾ ಏಣಿ, ಅದರಲ್ಲಿ ತನ್ನ ಮೆಟ್ಟಿಲು ಯಾವುದು ಅಂತ ಮಗುವೇ ನೋಡಿಕೊಂಡು ಕಾರ್ಡು ತೆಗೆದುಕೊಳ್ಳುತ್ತದೆ. ಸ್ವಂತವಾಗಿ ಕಲಿಯುವ ಗುಂಪು ಒಂದು ಕಡೆ, ಮಿಸ್ ಜೊತೆಗೇ ಇರಬೇಕಾದ ಗುಂಪು ಇನ್ನೊಂದು ಕಡೆ. ತಲೆ ಮೇಲೆ ದಾರ ಕಟ್ಟಿ ಮಕ್ಕಳ ಚಿತ್ರ ನೇತುಹಾಕಿದ ಚಪ್ಪರ. ಗೋಡೆಯ ಬುಡದಲ್ಲಿ ಸುತ್ತಲೂ ಕಪ್ಪು ಪಟ್ಟಿ, ಮಕ್ಕಳು ಬರೆಯಲು. ಒಂದು ಮೂಲೆಯಲ್ಲಿ ಗೋಡೆ ಶೀತ ಹಿಡಿದು ಆ ಪಟ್ಟಿ ಹಪ್ಪಳದ ಹಾಗೆ ಎದ್ದಿತ್ತು.

ನಮ್ಮ ಬೋರ್ಡನ್ನು ಸ್ಟ್ಯಾಂಡಿನ ಮೇಲಿಟ್ಟರೆ ಅದರ ಕೆಳ ಅಂಚೇ ಒಂದನೇ ತರಗತಿ ಹುಡುಗಿಯ ತಲೆಗಿಂತ ಮೇಲೆ. ಮೂರು ವಾರ ಉಜ್ಜಿದ್ದು ನನ್ನ ನೆನಪಿಗೆ, ಈ ಮಕ್ಕಳಿಗಲ್ಲ. ಬೇಜಾರಾಯಿತು, ಸುಳ್ಳು ಯಾಕೆ ಹೇಳಲಿ.

ಸೆಪ್ಟೆಂಬರ್ 1

ದಾರಿ ಒಂದೇ. ಸ್ಟ್ಯಾಂಡಿನ ಕಾಲು ಕೊಯ್ದು, ಶೀತದ ಮೂಲೆಯಲ್ಲಿ ಗೋಡೆಯಿಂದ ಎರಡಡಿ ಬಿಟ್ಟು ನಿಲ್ಲಿಸುವುದು. ಗುಂಪಿನಲ್ಲಿ ಜಗಳವೇ ಆಯಿತು. "ಮೇಷ್ಟ್ರ ಸ್ಟ್ಯಾಂಡ್ ಕಣೋ ಅದು, ಗರಗಸ ಹಾಕ್ತೀಯಾ?"

ಮೇಷ್ಟ್ರನ್ನೇ ಕೇಳಿದೆ. ಅವರು ಕುಳ್ಳಗಿನ ಆಳು. "ಮೂವತ್ತು ವರ್ಷ ತುದಿಗಾಲಲ್ಲಿ ನಿಂತು ಬರೆದು ಹಿಮ್ಮಡಿ ಹಾಳಾಯ್ತು. ಆಗಲೇ ಕೊಯ್ಯೋರು ಯಾರೂ ಇರಲಿಲ್ಲ, ನೋಡು" ಅಂದರು.

ಮಕ್ಕಳನ್ನು ನಿಲ್ಲಿಸಿ, ಕೈ ಆಡುವ ಎತ್ತರಕ್ಕೆ ಗುರುತು ಹಾಕಿ ಕೊಯ್ದೆ. ಉಳಿದ ತುಂಡುಗಳಿಂದ ಸೀಮೆಸುಣ್ಣ ಇಡುವ ತಟ್ಟೆಯಾಯಿತು.

ಸೆಪ್ಟೆಂಬರ್ 5, ಗುರುವಾರ

ಐದನೇ ತರಗತಿಯವರು ರಾಧಾಕೃಷ್ಣನ್ ಬಗ್ಗೆ ಚಾರ್ಟ್ ಮಾಡಿದ್ದರು. 1888ರ ಇದೇ ದಿನ ತಿರುತ್ತಣಿಯಲ್ಲಿ ಹುಟ್ಟಿದ್ದು, 1962ರಿಂದ ಶಿಕ್ಷಕರ ದಿನ ಆಚರಿಸುತ್ತಿರುವುದು, ಇವೆಲ್ಲ ಇತ್ತು. ಆದರೆ ಅವರಿಗೆ ಹಿಡಿಸಿದ್ದು ಮೈಸೂರಿನ ಕತೆ. ಮಹಾರಾಜ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದವರು 1921ರಲ್ಲಿ ಕಲ್ಕತ್ತಕ್ಕೆ ಹೊರಟಾಗ, ಹೂವಿನ ಸಾರೋಟನ್ನು ವಿದ್ಯಾರ್ಥಿಗಳೇ ರೈಲು ನಿಲ್ದಾಣದವರೆಗೆ ಎಳೆದರಲ್ಲ, ಅದು.

ನೀರಿನ ಡ್ರಮ್ಮಿನ ಗಾಡಿಗೆ ಸೇವಂತಿಗೆ ಕಟ್ಟಿ ಮೇಷ್ಟ್ರ ಮನೆ ಮುಂದೆ ನಿಂತೇಬಿಟ್ಟರು. ಮೇಷ್ಟ್ರು ಗಾಡಿ ನೋಡಿದರು, ಅದರ ಚಕ್ರ ನೋಡಿದರು. "ನಾನು ನಡ್ಕೊಂಡೇ ಬರ್ತೀನಿ ಮಕ್ಕಳಾ." ಕೊನೆಗೆ ಗಾಡಿ ಏರಿದ್ದು ಬೋರ್ಡು. ಊರ ಬೀದಿಯಲ್ಲಿ ಮಕ್ಕಳು ಅದನ್ನು ಎಳೆದರು, ಮೇಷ್ಟ್ರು ಹಿಂದೆ ನಡೆದರು.

ಈ ಸಲ ಭಾಷಣ ಬೇಡ, ಬಂದವರೆಲ್ಲ ಏನಾದರೂ ಕಲಿಸಬೇಕು ಅಂತ ಹೆಡ್‌ಮಿಸ್ ಮೊದಲೇ ಹೇಳಿದ್ದರು. ನಾನು ಅಡಿಪಟ್ಟಿ ಹಿಡಿದು ಏನೋ ತೊದಲಿದೆ. ಚೆನ್ನಾಗಿ ಪಾಠ ಮಾಡಿದ್ದು ಬಿಸಿಯೂಟದ ಅಕ್ಕ. ಒಂದು ಮಗುವಿಗೆ 100 ಗ್ರಾಂ ಅಕ್ಕಿ, ಇವತ್ತು 43 ಮಕ್ಕಳು, ಎಷ್ಟು ತೂಗಲಿ? "430 ಕೆಜಿ" ಅಂದ ಒಬ್ಬ. "ಹಂಗಾದ್ರೆ ನಿಮ್ಮಪ್ಪನ ಟ್ರ್ಯಾಕ್ಟರ್ ತರಿಸು" ಅಂದರು ಅಕ್ಕ. ಆಮೇಲೆ ಎಲ್ಲರೂ ಸೇರಿ 4 ಕೆಜಿ 300 ಗ್ರಾಂ ತೂಗಿದರು, ಅದೇ ಅಕ್ಕಿ ಒಲೆಗೆ ಹೋಯಿತು.

ಮೇಷ್ಟ್ರು ಕುರ್ಚಿ ಹಾಕಿಸಿಕೊಂಡು ಬೋರ್ಡಿನ ಮುಂದೆ ಕೂತರು. "ಹಲ್ಲಿ" ಅಂತ ಬರೆದು, ಪಕ್ಕದಲ್ಲಿ "ಹಳ್ಳಿ" ಅಂತ ಬರೆದರು. ನಾಲಗೆ ಎಲ್ಲಿ ತಾಗುತ್ತೆ, ಎಲ್ಲಿ ಮಡಚುತ್ತೆ ನೋಡಿ ಅಂದರು. ಅರ್ಧ ಗಂಟೆ ಕೋಣೆ ತುಂಬ ಹಲ್ಲಿ, ಹಳ್ಳಿ. ಆಮೇಲೆ ಸೀಮೆಸುಣ್ಣ ಕೊಟ್ಟುಬಿಟ್ಟರು. ಮಕ್ಕಳು ನಾಲ್ಕು ಮೂಲೆಯಿಂದಲೂ ಬರೆದರು.

ಸೆಪ್ಟೆಂಬರ್ 8

ಒಂದು ತಪ್ಪು ಮಾಡಿದ್ದೇನೆ. ಹೊಸ ಬೋರ್ಡಿನ ಮೇಲೆ ಬರೆಯುವ ಮೊದಲು ಸೀಮೆಸುಣ್ಣವನ್ನು ಅಡ್ಡ ಹಿಡಿದು ಇಡೀ ಮೈಗೆ ಸವರಿ ಒರೆಸಬೇಕು. ಆಗ ಸಣ್ಣ ತೂತುಗಳೆಲ್ಲ ಒಂದೇ ಸಮ ತುಂಬಿಕೊಳ್ಳುತ್ತವೆ. ಇಲ್ಲದಿದ್ದರೆ ಮೊದಲು ಬರೆದದ್ದು ಒರೆಸಿದರೂ ಮಸುಕಾಗಿ ಉಳಿಯುತ್ತದೆ. ಗಡಿಬಿಡಿಯಲ್ಲಿ ಮರೆತೆ.

ಮಿಸ್ ಫೋನ್ ಮಾಡಿದ್ದರು. ಒದ್ದೆ ಬಟ್ಟೆಯಲ್ಲಿ ಉಜ್ಜಿದಾಗ ಹಲ್ಲಿ ಹೋಯಿತಂತೆ, ಹಳ್ಳಿ ಹೋಗುತ್ತಿಲ್ಲವಂತೆ. ಮುಂದಿನ ಭಾನುವಾರ ಇನ್ನೊಂದು ಸಲ ಬಳಿಯಬೇಕು. ಕಾಡುತೊಂಡೆ ಎಲೆ ತರುವುದು ಐದನೇ ತರಗತಿಯವರ ಪಾಲಿಗೆ, ಇದ್ದಿಲು ಅಕ್ಕನ ಒಲೆಯಿಂದ.